ಓದು ಪುಕ್ಕಟೆ ಅಂದುಕೊಂಡವನ ಕೈಗೆ ಎಂಟು ಸಾವಿರದ ಬಿಲ್ಲು

ಹೆಸರು, ಊರು, ಒಂದೆರಡು ವಿವರ ಬದಲಿಸಿದ್ದೇನೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ನಾನು ಶಿಕಾಗೋ ಹತ್ತಿರದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಆಪ್ತಸಲಹೆಗಾರ್ತಿ. ಈ ಪ್ರಕರಣ ಆದಮೇಲೆ ಇನ್ನೂ ಎರಡು ಕನ್ನಡ ಮನೆಯವರು, ಅಮೆರಿಕದ ನ್ಯಾಷನಲ್ ಗಾರ್ಡ್ ಅನ್ನುವ ಅರೆಕಾಲಿಕ ಸೈನ್ಯ ಸೇರಿದರೆ ಓದು ಪೂರ್ತಿ ಪುಕ್ಕಟೆಯಾ ಅನ್ನುವ ಇದೇ ಗೊಂದಲ ಹೊತ್ತು ಬಂದರು. ಬರೆದಿಟ್ಟರೆ ನಾಲ್ಕು ಜನಕ್ಕೆ ಉಪಯೋಗ ಆದೀತು ಅನಿಸಿತು.

2024ರ ಸೆಪ್ಟೆಂಬರ್ ಎರಡನೇ ವಾರ. ಹುಡುಗನಿಗೆ ಹತ್ತೊಂಬತ್ತು ವರ್ಷ. ಸುಹಾಸ ಅಂತ ಕರೆಯೋಣ. ಅಪ್ಪ ದಾವಣಗೆರೆ ಕಡೆಯವರು, ಸಾಫ್ಟ್‌ವೇರ್ ಕೆಲಸ, ಈ ದೇಶಕ್ಕೆ ಬಂದು ಇಪ್ಪತ್ತು ವರ್ಷ ದಾಟಿದೆ. ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದರು. ನನ್ನ ಮೇಜಿನ ಮೇಲಿದ್ದ ಹೆಸರು ಓದಿದವರೇ, "ಮೇಡಂ, ನೀವು ನಮ್ಮ ಕಡೆಯವರಾ?" ಅಂದರು. ಅಲ್ಲಿಂದ ಮುಂದೆ ಕನ್ನಡವೇ.

ಅವರು ಮೇಜಿನ ಮೇಲೆ ಇಟ್ಟದ್ದು ಫಾಲ್, ಅಂದರೆ ಆಗಸ್ಟ್ ಕೊನೆಯಿಂದ ಡಿಸೆಂಬರ್ ತನಕದ ಸೆಮಿಸ್ಟರಿನ ಬಿಲ್ಲು. ಎಂಟು ಸಾವಿರ ಡಾಲರಿಗೆ ಸ್ವಲ್ಪ ಜಾಸ್ತಿ. "ನನ್ನ ಮಗ ಯಾರನ್ನೂ ಕೇಳದೆ ನ್ಯಾಷನಲ್ ಗಾರ್ಡ್ ಸೇರಿದ. ಯಾಕಪ್ಪಾ ಅಂದ್ರೆ ಕಾಲೇಜು ಪುಕ್ಕಟೆ ಅಂದ. ಇದೇನಾ ಮೇಡಂ ಪುಕ್ಕಟೆ?" ಮಗ ಬಾಗಿಲ ಕಡೆ ನೋಡುತ್ತಾ ಕೂತಿದ್ದ. ಅವನಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ ಅಂದುಕೊಂಡು ಅಪ್ಪ ಇನ್ನೂ ನಾಲ್ಕು ಮಾತು ಸೇರಿಸಿದರು. "ಕೊಡಗಿನವರಾಗಿದ್ದರೆ ಸರಿ, ಮನೆತನದಲ್ಲೇ ಬಂದಿರುತ್ತೆ. ನಮ್ಮ ಮನೇಲಿ ಏಳು ತಲೆಮಾರಲ್ಲಿ ಯಾರೂ ಬಂದೂಕು ಮುಟ್ಟಿಲ್ಲ."

"ನಂಗೆ ಎಲ್ಲಾ ಅರ್ಥ ಆಗತ್ತೆ ಅಪ್ಪ" ಅಂದ ಹುಡುಗ. ಅಚ್ಚ ಕನ್ನಡದಲ್ಲಿ.

ಸ್ವಲ್ಪ ಹೊತ್ತು ಮೂವರೂ ಸುಮ್ಮನಿದ್ದೆವು. ಆಮೇಲೆ ನಾನು ಅವನನ್ನೇ ಕೇಳಿದೆ. ಸೇರುವ ಮೊದಲು ನೀನು ಕೇಳಿಸಿಕೊಂಡಿದ್ದು ಏನು, ನೆನಪಿದ್ದಷ್ಟು ಹೇಳು. ಅವನು ಮೊಬೈಲ್ ತೆಗೆದು ತೋರಿಸಿದ. ಅವತ್ತೇ ಬರೆದಿಟ್ಟುಕೊಂಡ ಮೂರು ಸಾಲು. ಟ್ಯೂಷನ್ ನೂರಕ್ಕೆ ನೂರು. ಜಿಐ ಬಿಲ್, ತಿಂಗಳು ತಿಂಗಳು. ಕಿಕ್ಕರ್ 350. ಅಷ್ಟೇ. ಜಿಐ ಬಿಲ್ ಅಂದರೆ ಫೀಸಿನ ಬಿಲ್ಲಲ್ಲ, ಸೈನಿಕರ ಓದಿಗೆ ಸರ್ಕಾರ ಹಣ ಕೊಡುವ ಯೋಜನೆ; ಕಿಕ್ಕರ್ ಅಂದರೆ ಅದರ ಮೇಲಿನ ಹೆಚ್ಚುವರಿ. ಯಾವ ಸಾಲಿನ ಮುಂದೆಯೂ ತಾರೀಖಿಲ್ಲ, ಷರತ್ತಿಲ್ಲ. ಹೇಳಿದವರು ಅರ್ಧ ಹೇಳಿದರೋ, ಹದಿನೆಂಟರ ಹುಡುಗ ಅರ್ಧ ಕೇಳಿಸಿಕೊಂಡನೋ, ನಾನು ಅದನ್ನು ಕೆದಕಲಿಲ್ಲ. ಮೂರು ಸಾಲೂ ಸುಳ್ಳಲ್ಲ. ಆದರೆ ಒಂದೊಂದೂ ಬೇರೆ ಬೇರೆ ಕೌಂಟರಿನ ಮಾತು. ಒಂದರ ಟೋಕನ್ ಇನ್ನೊಂದರಲ್ಲಿ ನಡೆಯುವುದಿಲ್ಲ.

ನ್ಯಾಷನಲ್ ಗಾರ್ಡ್ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಅರೆಕಾಲಿಕ ಸೈನಿಕ ಸೇವೆ. ತಿಂಗಳಿಗೊಂದು ವಾರಾಂತ್ಯ ಡ್ರಿಲ್, ವರ್ಷಕ್ಕೆ ಎರಡು ವಾರ ತರಬೇತಿ. ಉಳಿದ ದಿನ ಓದು ಅಥವಾ ಕೆಲಸ. ನಮ್ಮೂರಿನವರಿಗೆ ಭಾರತದ ಟೆರಿಟೋರಿಯಲ್ ಆರ್ಮಿ ನೆನಪಾಗಬಹುದು. ಆದರೆ ಅಲ್ಲಿ ಮೊದಲೇ ಒಂದು ಸಂಪಾದನೆ ಇರಬೇಕು ಅನ್ನುತ್ತಾರೆ. ಇಲ್ಲಿ ಓದುವ ವಯಸ್ಸಿನವರನ್ನೇ ಓದಿನ ಖರ್ಚು ತೋರಿಸಿ ಕರೆಯುತ್ತಾರೆ. ನಾಗರಿಕತ್ವ ಅಥವಾ ಗ್ರೀನ್ ಕಾರ್ಡ್ ಬೇಕೇ ಬೇಕು. ಅಪ್ಪ ಅಥವಾ ಅಮ್ಮನ ಕೆಲಸದ ವೀಸಾದ ಮೇಲೆ ಬಂದ, ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಈ ದಾರಿ ಇಲ್ಲ.

ಸುಹಾಸ ಸಹಿ ಹಾಕಿದ್ದು 2023ರ ಡಿಸೆಂಬರಿನಲ್ಲಿ. ಜನವರಿಯಲ್ಲಿ ಹತ್ತು ವಾರದ ಬೇಸಿಕ್ ತರಬೇತಿಗೆ ಹೋದ. ಅಲ್ಲಿಂದ ಟೆಕ್ಸಾಸಿನಲ್ಲಿ ಸೈನಿಕ ವೈದ್ಯಸಹಾಯಕನ ಕೋರ್ಸು. ಜುಲೈನಲ್ಲಿ ಮನೆಗೆ, ಆಗಸ್ಟ್ ಕೊನೆಯಲ್ಲಿ ಕಾಲೇಜಿಗೆ. ಈ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮೂರು ಕೌಂಟರುಗಳ ಪಕ್ಕ ಇಟ್ಟೆ. ಗಂಟು ಎಲ್ಲಿದೆ ಅಂತ ಆಗ ಕಾಣಿಸಿತು.

ಮೊದಲನೆಯದು ರಾಜ್ಯದ ಕೌಂಟರ್. ಇಲಿನಾಯ್ ನ್ಯಾಷನಲ್ ಗಾರ್ಡ್ ಗ್ರಾಂಟ್. "ನೂರಕ್ಕೆ ನೂರು" ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ. ಇಲಿನಾಯ್‌ನ ಸರ್ಕಾರಿ ಕಾಲೇಜುಗಳಲ್ಲಿ ಟ್ಯೂಷನ್ ಮತ್ತೆ ಕೆಲವು ಫೀಸು ಇದರಲ್ಲಿ ಹೋಗುತ್ತದೆ, ನಾಲ್ಕು ವರ್ಷದ ಓದಿಗೆ ಸಾಕಾಗುವಷ್ಟು. ಆದರೆ ಗಾರ್ಡ್‌ನಲ್ಲಿ ಒಂದು ವರ್ಷ ಪೂರ್ತಿ ಆಗಿರಬೇಕು. ಸುಹಾಸನಿಗೆ ವರ್ಷ ತುಂಬುವುದು ಡಿಸೆಂಬರಿಗೆ. ಅಂದರೆ ಫಾಲ್ ಸೆಮಿಸ್ಟರಿಗೆ ಇದು ಸಿಗುವುದೇ ಇಲ್ಲ. ಖಾಸಗಿ ಕಾಲೇಜಿಗೂ, ಪಕ್ಕದ ಇಂಡಿಯಾನಾದ ಕಾಲೇಜಿಗೂ ಇದು ನಡೆಯುವುದಿಲ್ಲ. ಪುಣ್ಯಕ್ಕೆ ಅವನು ಸರಿಯಾದ ಜಾಗದಲ್ಲೇ ಸೇರಿದ್ದ.

ಎರಡನೆಯದು ಆರ್ಮಿಯದೇ ಟ್ಯೂಷನ್ ನೆರವು. ಒಂದು ಕ್ರೆಡಿಟ್ಟಿಗೆ 250 ಡಾಲರ್ ತನಕ, ವರ್ಷಕ್ಕೆ 4,500 ಮಿತಿ. ಇಲ್ಲಿ ವರ್ಷ ಅಂದರೆ ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30. ತರಗತಿ ಶುರುವಾಗುವ ಮೊದಲೇ ಅವರ ಪೋರ್ಟಲಿನಲ್ಲಿ ಅರ್ಜಿ ಹಾಕಿ ಮಂಜೂರು ಮಾಡಿಸಿಕೊಳ್ಳಬೇಕು. ನಮ್ಮಲ್ಲಿ ತರಗತಿ ಶುರುವಾಗಿ ಎರಡು ವಾರ ಆಗಿತ್ತು. ಇದನ್ನು ಹೇಳುವಾಗ ನನಗೂ ಹೊಟ್ಟೆಯಲ್ಲಿ ಸಂಕಟ. ಎರಡು ವಾರ ಮೊದಲು ಬಂದಿದ್ದರೆ ಬಿಲ್ಲಿನಲ್ಲಿ ಮೂರು ಸಾವಿರ ಕರಗುತ್ತಿತ್ತು.

ಮೂರನೆಯದು ವಿಎ, ಅಂದರೆ ಮಾಜಿ ಸೈನಿಕರ ಇಲಾಖೆ. ಜಿಐ ಬಿಲ್ ಅನ್ನುವ ಹೆಸರೇ ಜನರನ್ನು ದಾರಿ ತಪ್ಪಿಸುತ್ತದೆ. ಅದು ಒಂದಲ್ಲ. ಮನೆ ಬಾಡಿಗೆ ಸಮೇತ ಕೊಡುವ, ಎಲ್ಲರ ಬಾಯಲ್ಲೂ ಇರುವ ದೊಡ್ಡದು ಪೋಸ್ಟ್-9/11 ಜಿಐ ಬಿಲ್. ಅದಕ್ಕೆ ಕನಿಷ್ಠ 90 ದಿನದ ಸಕ್ರಿಯ ಸೇವೆ ಬೇಕು. ಗಾರ್ಡ್ ಹುಡುಗರ ಮೊದಲ ತರಬೇತಿ ಆ ಲೆಕ್ಕಕ್ಕೆ ಸೇರುವುದಿಲ್ಲ. ಸುಹಾಸನಂಥವರಿಗೆ ಇರುವುದು ಮಾಂಟ್ಗೊಮರಿ ಜಿಐ ಬಿಲ್‌ನ ಮೀಸಲು ಪಡೆಯ ಶಾಖೆ. ಆರು ವರ್ಷದ ಕರಾರು, ಮೊದಲ ತರಬೇತಿ ಮುಗಿದಿರಬೇಕು, ಡ್ರಿಲ್ ತಪ್ಪಿಸಿರಬಾರದು. ಪೂರ್ತಿ ಅವಧಿ ಓದುವವರಿಗೆ ಆಗ ತಿಂಗಳಿಗೆ ಸುಮಾರು 480 ಡಾಲರ್, 36 ತಿಂಗಳ ತನಕ. ಹಣ ಕಾಲೇಜಿಗಲ್ಲ, ನೇರ ಹುಡುಗನ ಕೈಗೆ. ಮುಖ್ಯವಾದ ಮಾತು, ಅರ್ಜಿ ತಡವಾದರೂ ಒಂದು ವರ್ಷ ಹಿಂದಕ್ಕೆ ಲೆಕ್ಕ ಹಾಕಿ ಕೊಡುತ್ತಾರೆ. ಹಾಗಾಗಿ ಈ ಕೌಂಟರ್ ಮುಚ್ಚಿರಲಿಲ್ಲ. ಅಪ್ಪ ಮೊದಲ ಸಲ ಕುರ್ಚಿಗೆ ಒರಗಿ ಕೂತರು.

ಕಿಕ್ಕರ್ ವಿಷಯ ಬೇರೆ. ಅದು ಆ ತಿಂಗಳ ಹಣದ ಮೇಲೆ ಸಿಗುವ ಹೆಚ್ಚುವರಿ, ಕೆಲವು ಹುದ್ದೆಗೆ ಮಾತ್ರ, 350ರ ತನಕ. ಸೇರುವಾಗಿನ ಕರಾರಿನಲ್ಲಿ ಅದರದೇ ಅನುಬಂಧ ಇರಬೇಕು. ಸುಹಾಸನ ಕರಾರನ್ನು ಹಾಳೆ ಹಾಳೆ ತಿರುಗಿಸಿ ಓದಿದೆವು. ಪ್ರತಿ ಪುಟದ ಕೆಳಗೆ ಅವನ ಪುಟ್ಟ ಇನಿಷಿಯಲ್ ಇತ್ತು. ಮೊದಲ ಎರಡು ಪುಟದಲ್ಲಿ ನಿಧಾನವಾಗಿ ಬರೆದ ಅಕ್ಷರ. ಕೊನೆಕೊನೆಗೆ ಬರೀ ಒಂದು ಗೀಚು. ಕಿಕ್ಕರಿನ ಅನುಬಂಧ ಇರಲಿಲ್ಲ. "ಇಲ್ಲ ಅಂದ್ರೆ ಇಲ್ಲ, ಇದನ್ನು ಮರೆತುಬಿಡು" ಅಂತ ನೇರವಾಗಿ ಹೇಳಿದೆ. ಸುಳ್ಳು ಆಸೆ ಇಟ್ಟುಕೊಂಡು ಬಜೆಟ್ ಹಾಕಬಾರದು.

ಇನ್ನು ಬಿಲ್ಲು. "ತರಬೇತಿಯಲ್ಲಿ ಸಂಬಳ ಬಂದಿರಬೇಕಲ್ಲ?" ಅಂತ ಕೇಳಿದೆ. ಅವನು ಅಪ್ಪನ ಕಡೆ ನೋಡಲಿಲ್ಲ. "ಆರು ಸಾವಿರ ಇದೆ. ನಾನೇ ಕಟ್ಟೋಣ ಅಂತಿದ್ದೆ. ಎರಡು ಸಾವಿರ ಕಡಿಮೆ ಬಿತ್ತು. ಅಷ್ಟರಲ್ಲಿ ಅಪ್ಪ ಬಿಲ್ ನೋಡಿಬಿಟ್ರು." ಅಪ್ಪನಿಗೆ ಇದು ಹೊಸ ಸುದ್ದಿ. ಆರು ತಿಂಗಳು ಒಂದು ಪೈಸೆ ಪೋಲು ಮಾಡದೆ ಕೂಡಿಟ್ಟಿದ್ದಾನೆ, ಹಾಗಂತ ಮನೆಯಲ್ಲಿ ಬಾಯಿ ಬಿಟ್ಟಿಲ್ಲ. "ಹೇಳೋದಲ್ವೇನೋ" ಅಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಈ ಮನೆಯಲ್ಲಿ ದುಡ್ಡಿನ ಕೊರತೆಗಿಂತ ಮಾತಿನ ಕೊರತೆ ಜಾಸ್ತಿ ಇತ್ತು ಅಂತ ನನಗೆ ಆಗಲೇ ಅನಿಸಿದ್ದು.

ಅವತ್ತು ನಾನು ಕೊಟ್ಟ ಸಲಹೆ ಇಷ್ಟು. ಕೂಡಿಟ್ಟ ಆರು ಸಾವಿರ ಪೂರ್ತಿ ಸುರಿಯಬೇಡ. ಬಿಲ್ಲನ್ನು ಕಂತು ಮಾಡಿಸು, ಕಾಲೇಜಿನ ಫೀಸ್ ಕಚೇರಿಯಲ್ಲಿ ಆ ವ್ಯವಸ್ಥೆ ಇದೆ. ನಿನ್ನ ಯೂನಿಟ್ಟಿನಿಂದ ಅರ್ಹತಾ ಪತ್ರ ತರಿಸಿಕೊಂಡು ಈ ವಾರವೇ ವಿಎಗೆ ಅರ್ಜಿ ಹಾಕು. ನಮ್ಮಲ್ಲಿ ವಿಎಗೆ ದಾಖಲಾತಿ ದೃಢೀಕರಿಸುವ ಅಧಿಕಾರಿ ಕೆಳಗಿನ ಮಹಡಿಯಲ್ಲೇ ಇದ್ದಾರೆ, ಇವತ್ತೇ ಹೋಗಿ ನೋಡು. ಡಿಸೆಂಬರಿಗೆ ವರ್ಷ ತುಂಬುತ್ತಿದ್ದ ಹಾಗೆ ರಾಜ್ಯದ ಗ್ರಾಂಟಿಗೆ ಅರ್ಜಿ. ವಸಂತದ ಸೆಮಿಸ್ಟರಿಗೆ ಕೊನೆಯ ದಿನ ಮಾರ್ಚ್ 1, ಮುಂದಿನ ವರ್ಷ ಪೂರ್ತಿಗೆ ಅಕ್ಟೋಬರ್ 1. ಪ್ರತಿ ವರ್ಷ ಹೊಸದಾಗಿ ಹಾಕಬೇಕು. ಆರ್ಮಿಯ ನೆರವನ್ನು ಬೇಸಿಗೆಯ ಕ್ಲಾಸುಗಳಿಗೆ ಇಟ್ಟುಕೋ, ಅರ್ಜಿ ಮಾತ್ರ ಮೊದಲೇ ಹಾಕು. ಆ ಹಣದಲ್ಲಿ ಓದಿದ ವಿಷಯಕ್ಕೆ ಸಿ ಗ್ರೇಡಿಗಿಂತ ಕೆಳಗೆ ಬಂದರೆ ಹಣ ವಾಪಸ್ ಕಟ್ಟಬೇಕು, ಇದು ತಲೆಯಲ್ಲಿರಲಿ. ಕನಿಷ್ಠ ಅರ್ಧ ಹೊರೆಯ ಕ್ರೆಡಿಟ್ ಇದ್ದರೆ ಅದರ ಜೊತೆಗೇ ಜಿಐ ಬಿಲ್‌ನ ತಿಂಗಳ ಹಣವೂ ಬರುತ್ತಿರುತ್ತದೆ. ಅದನ್ನು ಪುಸ್ತಕಕ್ಕೆ, ಬಸ್ಸಿಗೆ ಇಟ್ಟುಕೋ.

ಅಪ್ಪ ಒಂದು ಪ್ರಶ್ನೆ ಕೇಳಿದರು. ಮಗ ಸೈನಿಕ ಆದಮೇಲೆ ಸರ್ಕಾರಿ ನೆರವಿನ ಫಾಫ್ಸಾ ಅರ್ಜಿಯಲ್ಲಿ ತಮ್ಮ ಆದಾಯ ತೋರಿಸಬೇಕಿಲ್ಲ ಅಲ್ವಾ ಅಂತ. ತೋರಿಸಬೇಕು. ತರಬೇತಿಗೆ ಹೋಗಿ ಬಂದಷ್ಟಕ್ಕೆ ಗಾರ್ಡ್ ಹುಡುಗರು ಸ್ವತಂತ್ರ ವಿದ್ಯಾರ್ಥಿ ಆಗುವುದಿಲ್ಲ. ಹಾಗೆ ಆಗಬೇಕಾದರೆ ತರಬೇತಿ ಬಿಟ್ಟು ಬೇರೆ ಕೆಲಸಕ್ಕೆ ಕೇಂದ್ರ ಸರ್ಕಾರ ಸಕ್ರಿಯ ಸೇವೆಗೆ ಕರೆದಿರಬೇಕು. ತಪ್ಪು ತುಂಬಿದರೆ ಆಮೇಲೆ ಬಿಡಿಸಿಕೊಳ್ಳುವುದು ಕಷ್ಟ.

ಡ್ರಿಲ್ ಬಗ್ಗೆ ಹುಡುಗನಿಗೆ ಗಟ್ಟಿಯಾಗಿಯೇ ಹೇಳಿದೆ. ಅಕ್ಟೋಬರಿನ ಡ್ರಿಲ್ ಮಿಡ್‌ಟರ್ಮ್ ಪರೀಕ್ಷೆಯ ಹಿಂದಿನ ಶನಿವಾರ, ಭಾನುವಾರ ಬಿದ್ದಿತ್ತು. ಒಂದು ಸಲ ಹೋಗದಿದ್ದರೆ ಏನಾಗುತ್ತೆ ಅಂತ ಅವನ ಯೋಚನೆ. ಒಂದು ವಾರಾಂತ್ಯ ಅಂದರೆ ಲೆಕ್ಕದಲ್ಲಿ ನಾಲ್ಕು ಹಾಜರಿ. ವರ್ಷದಲ್ಲಿ ಒಂಬತ್ತು ಗೈರು ಆದರೆ ಸರಿಯಾಗಿ ಸೇವೆ ಮಾಡುತ್ತಿಲ್ಲ ಅನ್ನುವ ಪಟ್ಟಿಗೆ ಹೆಸರು ಸೇರುತ್ತದೆ, ಜಿಐ ಬಿಲ್ ನಿಲ್ಲುತ್ತದೆ. ಅಂದರೆ ಮೂರು ವಾರಾಂತ್ಯ ಹೇಳದೆ ಕೇಳದೆ ತಪ್ಪಿಸಿದರೆ ಮುಗಿಯಿತು. ತಪ್ಪಿಸುವ ಬದಲು ಮೊದಲೇ ಯೂನಿಟ್ಟಿನ ಸಾರ್ಜೆಂಟ್ ಹತ್ತಿರ ಮಾತಾಡಿ ದಿನ ಬದಲಿಸಿಕೊಳ್ಳಲು ಕೇಳು ಅಂದೆ. ಕೇಳಿದ. ಒಪ್ಪಿದರು. ಪರೀಕ್ಷೆಯೂ ಬರೆದ, ಡ್ರಿಲ್ಲೂ ಮಾಡಿದ.

ನವೆಂಬರಿನಲ್ಲಿ ಅಮ್ಮ ಒಬ್ಬರೇ ಬಂದರು. ಅಷ್ಟರಲ್ಲಿ ಜಿಐ ಬಿಲ್‌ನ ಹಿಂದಿನ ತಿಂಗಳ ಹಣ ಬಂದಿತ್ತು, ಎರಡು ಕಂತು ಕಟ್ಟಿಯಾಗಿತ್ತು. ಅವರಿಗೆ ದುಡ್ಡಿನ ಮಾತು ಬೇಕಿರಲಿಲ್ಲ. "ಯುದ್ಧಕ್ಕೆ ಕಳಿಸ್ತಾರಾ ಮೇಡಂ? ಇವರಪ್ಪ ಇಲ್ಲ ಅಂತಾರೆ, ಅರೆಕಾಲಿಕ ಅಲ್ವಾ ಅಂತಾರೆ."

ಇಲ್ಲಿ ಸಮಾಧಾನಕ್ಕೆ ಅಂತ ಏನಾದರೂ ಹೇಳುವುದು ಸುಲಭ. ನಾನು ಹೇಳಲಿಲ್ಲ. ಕಳಿಸಬಹುದು ಅಂದೆ. 2008-09ರಲ್ಲಿ ಇಲಿನಾಯ್ ಗಾರ್ಡ್‌ನ 33ನೇ ಬ್ರಿಗೇಡಿನ ಸಾವಿರಾರು ಜನ ಅಫ್ಘಾನಿಸ್ತಾನಕ್ಕೆ ಹೋಗಿದ್ದರು. ಅವರೂ ಇವನ ಹಾಗೆ ತಿಂಗಳಿಗೊಂದು ವಾರಾಂತ್ಯದ ಸೈನಿಕರೇ. ಸೆಮಿಸ್ಟರ್ ಮಧ್ಯದಲ್ಲಿ ಆದೇಶ ಬಂದರೆ ಅದರ ಪ್ರತಿ ತಂದು ತೋರಿಸಬೇಕು. ಓದು ಬಿಟ್ಟುಹೋದದ್ದು ಅವನ ತಪ್ಪಾಗುವುದಿಲ್ಲ, ಕಾಲೇಜು ವಾಪಸ್ ಸೇರಿಸಿಕೊಳ್ಳಬೇಕು ಅಂತ ಕಾನೂನಿದೆ. 90 ದಿನ ದಾಟಿದರೆ ಆ ದೊಡ್ಡ ಜಿಐ ಬಿಲ್‌ಗೂ ದಾರಿ ಆಗುತ್ತದೆ. ಈ ಕೊನೆಯ ಮಾತನ್ನು ಹೇಳಬಾರದಿತ್ತೇನೋ. ಆ ಗಳಿಗೆಯಲ್ಲಿ ತಾಯಿಗೆ ಅದು ಬೇಕಾದ ಲೆಕ್ಕ ಅಲ್ಲ.

ಅವರು ಬ್ಯಾಗಿನಿಂದ ಒಂದು ಕಾಗದ ತೆಗೆದರು. ಮಗನ ಡ್ರಿಲ್ ಸಂಬಳದ ಚೀಟಿ. ಒಂದು ವಾರಾಂತ್ಯಕ್ಕೆ ಸುಮಾರು 300 ಡಾಲರ್, ಅದರಲ್ಲಿ 31 ಡಾಲರ್ ಕಡಿತ. ಆ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. "ಇದು ಯಾವ ಸಾಲದ್ದು?"

ಸಾಲ ಅಲ್ಲ, ಜೀವವಿಮೆ ಅಂದೆ. ಸೈನಿಕರಿಗೆ ಕೊಡುವ ವಿಮೆ, ಐದು ಲಕ್ಷ ಡಾಲರಿಂದು. ಅರೆಕಾಲಿಕ ಆದರೂ ವರ್ಷವಿಡೀ ಇರುತ್ತದೆ.

"ಹೆಸರು ಯಾರದ್ದು ಕೊಟ್ಟಿದ್ದಾನೆ?"

ನನಗೆ ಗೊತ್ತಿಲ್ಲ, ಅವನನ್ನೇ ಕೇಳಿ ಅಂದೆ. ಆ ಕರಾರು, ಈ ಚೀಟಿ, ವಿಮೆ ಕಾಗದ, ಎಲ್ಲವನ್ನೂ ಒಂದು ಭಾನುವಾರ ಮೂವರೂ ಕೂತು ಮೊದಲಿಂದ ಕೊನೆವರೆಗೆ ಓದಿ ಅಂದೆ. ಅವನು ಅರ್ಥ ಹೇಳಲಿ, ನೀವಿಬ್ಬರೂ ಕೇಳಿ. ಅರ್ಥವಾಗದ ಕಡೆ ಗೆರೆ ಹಾಕಿಕೊಂಡು ನನ್ನ ಹತ್ತಿರ ಬನ್ನಿ.

ಎರಡು ವಾರ ಬಿಟ್ಟು ಮೂವರೂ ಬಂದರು. ಕರಾರಿನ ತುಂಬ ಪೆನ್ಸಿಲ್ ಗೆರೆ. ಹನ್ನೊಂದು ಕಡೆ. ವಿಮೆಯಲ್ಲಿ ಅಪ್ಪ, ಅಮ್ಮ ಇಬ್ಬರ ಹೆಸರೂ ಇತ್ತಂತೆ, ಅರ್ಧ ಅರ್ಧ. ಅಮ್ಮ ಅದನ್ನು ಹೇಳಿ ಸುಮ್ಮನಾದರು. ಆಮೇಲೆ ಮೊದಲ ಗೆರೆ ಇದ್ದ ಪುಟ ತೆರೆದು ನನ್ನ ಕಡೆ ತಿರುಗಿಸಿಟ್ಟರು.