ಕೊಳ್ಳೋ ಪ್ಲಾನ್ ಇಲ್ಲದೆ ಸುಮ್ನೆ ಬೈಕ್ ನೋಡೋಕೆ ಶೋರೂಮ್‌ಗೆ ಹೋಗಬಹುದಾ?

ಸದ್ಯಕ್ಕೆ ಬೈಕ್ ಕೊಳ್ಳುವ ದುಡ್ಡಿಲ್ಲ, ಆದರೂ ಬೆಂಗಳೂರಿನ ಶೋರೂಮ್‌ಗಳನ್ನು ಸುತ್ತಿ ಒಳ್ಳೊಳ್ಳೆ ಬೈಕ್ ಹತ್ತಿರದಿಂದ ನೋಡಬೇಕು ಅಂತ ಆಸೆ, ಒಳಗೆ ಹೋದರೆ ಸೇಲ್ಸ್‌ನವರು ಮೇಲಿಂದ ಕೆಳಗೆ ನೋಡಿ ಮುಖ ತಿರುಗಿಸುತ್ತಾರಾ ಅಂತ ಭಯ. ಎಲ್ಲಿಗೆ ಹೋಗಬೇಕು ಅಂತಲೂ ಗೊತ್ತಿಲ್ಲ. ನಿಮ್ಮ ಪ್ರಶ್ನೆ ಇದೇ ಅಲ್ವಾ?

ಧೈರ್ಯವಾಗಿ ಹೋಗಿ. ನಾನು ಕಾಲೇಜಿನ ಕಾಲದಿಂದ ಇದನ್ನೇ ಮಾಡುತ್ತಿದ್ದೇನೆ. ನನ್ನ ಹತ್ತಿರ ಇರುವುದು ಒಂದು ಹಳೇ ಸ್ಪ್ಲೆಂಡರ್. ಅದನ್ನು ದುಕಾಟಿ ಶೋರೂಮ್ ಮುಂದೆ ನಿಲ್ಲಿಸಿ, ಹೆಲ್ಮೆಟ್ ಕೈಯಲ್ಲಿ ಹಿಡಿದು ಒಳಗೆ ಹೋಗುತ್ತೇನೆ. ಇಪ್ಪತ್ತು ಲಕ್ಷದ ಬೈಕ್ ತೋರಿಸುವ ಆ ಹುಡುಗನೂ ಬೆಳಿಗ್ಗೆ ಡಿಯೊದಲ್ಲೋ ಬಿಎಂಟಿಸಿಯಲ್ಲೋ ಬಂದಿರುತ್ತಾನೆ. ಬೈಕ್ ಹುಚ್ಚು ಇದ್ದದ್ದಕ್ಕೇ ಆ ಕೆಲಸಕ್ಕೆ ಸೇರಿದವರು ತುಂಬಾ ಜನ. ಒಂದು ಸಲ ಮಾತ್ರ ಒಂದು ದೊಡ್ಡ ಶೋರೂಮ್‌ನಲ್ಲಿ ನನ್ನ ಚಪ್ಪಲಿ ನೋಡಿ "ಅಪಾಯಿಂಟ್‌ಮೆಂಟ್ ಇದೆಯಾ ಸರ್" ಅಂದರು. ಇಲ್ಲ ಅಂದೆ, ಹೊರಗೆ ಬಂದೆ. ಅಷ್ಟೇ, ಏನೂ ಕಳೆದುಹೋಗಲಿಲ್ಲ.

ಯಾವಾಗ ಹೋಗುತ್ತೀರಿ ಅನ್ನುವುದು ತುಂಬಾ ಮುಖ್ಯ. ನಮ್ಮಲ್ಲಿ ಆಷಾಢದಲ್ಲಿ ಗಾಡಿ ತೆಗೆಯುವವರು ಕಡಿಮೆ. ಜೂನ್ ಕೊನೆ, ಜುಲೈ ಹೊತ್ತಿಗೆ ಬರುವ ಆ ತಿಂಗಳಲ್ಲಿ ಶೋರೂಮ್‌ಗಳು ಬಿಕೋ ಅನ್ನುತ್ತಿರುತ್ತವೆ. ಒರೆಸಿದ ಟ್ಯಾಂಕನ್ನೇ ಮತ್ತೆ ಒರೆಸಿ ಬೇಜಾರಾಗಿ ಕೂತಿರುವ ಹುಡುಗರಿಗೆ ಮಾತಾಡೋಕೆ ಒಬ್ಬರು ಸಿಕ್ಕಿದರೆ ಸಾಕಾಗಿರುತ್ತದೆ. ಪಿತೃಪಕ್ಷದ ಹದಿನೈದು ದಿನವೂ ಹಾಗೇ. ಅದು ಮುಗಿಯುತ್ತಿದ್ದಂತೆ ನವರಾತ್ರಿ ಶುರು, ಆಮೇಲೆ ಆಯುಧಪೂಜೆ, ವಿಜಯದಶಮಿ. ಆಗ ಆ ಕಡೆ ತಲೆ ಹಾಕಬೇಡಿ. ಬಾಗಿಲಲ್ಲಿ ಸಾಲಾಗಿ ಹೊಸ ಗಾಡಿ, ಚಕ್ರದ ಕೆಳಗೆ ನಿಂಬೆಹಣ್ಣು, ಮನೆಮಂದಿಯೆಲ್ಲ ಫೋಟೋಗೆ ನಿಂತಿರುತ್ತಾರೆ. ನಿಮ್ಮನ್ನು ಮಾತಾಡಿಸೋಕೆ ಯಾರಿಗೂ ಪುರುಸೊತ್ತಿರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ತಿಂಗಳ ಕೊನೆಯ ವಾರವೂ ಬೇಡ. ಟಾರ್ಗೆಟ್ ತಲೆಬಿಸಿ ಇರುತ್ತದೆ.

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ನನಗೆ ಇಷ್ಟದ ಸಮಯ. ಮಂಗಳವಾರ ಹೊಸ ಗಾಡಿ ಬೇಡ ಅನ್ನುವವರು ಇನ್ನೂ ಜಾಸ್ತಿ ಇದ್ದಾರೆ. ಕೆಲಸದಿಂದಾಗಿ ಭಾನುವಾರವೇ ಆಗಬೇಕು ಅಂದರೆ ಸಂಜೆ ನಾಲ್ಕೂವರೆ ಮೇಲೆ ಹೋಗಿ. ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ, ಡೆಲಿವರಿ ಗಲಾಟೆ ತಣ್ಣಗಾಗಿರುತ್ತದೆ. ವಾರದ ಏಳೂ ದಿನದ ರಾಹುಕಾಲ ಬಾಯಿಪಾಠ ಇರುವುದು ಪುರೋಹಿತರಿಗೆ ಬಿಟ್ಟರೆ ಶೋರೂಮ್‌ನವರಿಗೇ ಇರಬೇಕು.

ಒಳಗೆ ಹೋದ ತಕ್ಷಣ ನಿಜ ಹೇಳಿಬಿಡಿ. "ಈಗ ತಗೊಳ್ಳೋ ಪ್ಲಾನ್ ಇಲ್ಲ ಸರ್, ಬೈಕ್ ಅಂದ್ರೆ ಇಷ್ಟ, ನೋಡಿಕೊಂಡು ಹೋಗ್ತೀನಿ. ಕಸ್ಟಮರ್ ಬಂದರೆ ನೀವು ಅವರನ್ನು ನೋಡಿಕೊಳ್ಳಿ." ಇಷ್ಟು ಸಾಕು. ಮುಂದಿನ ತಿಂಗಳು ಬುಕ್ ಮಾಡ್ತೀನಿ ಅಂತ ಸುಳ್ಳು ಹೇಳಿದರೆ ಅವರು ಲೋನ್, ಎಕ್ಸ್‌ಚೇಂಜ್, ಆಫರ್ ಅಂತ ಶುರು ಮಾಡುತ್ತಾರೆ, ಬೈಕ್ ನೋಡುವುದು ಅಲ್ಲಿಗೆ ನಿಲ್ಲುತ್ತದೆ. ನಿಜ ಹೇಳಿದವನಿಗೆ ಅವರ ಸೇಲ್ಸ್ ಮಾತು ನಿಂತು ಬೈಕ್ ಮಾತು ಶುರುವಾಗುತ್ತದೆ. ನನಗೆ ಬೇಕಾಗಿರುವುದು ಆ ಎರಡನೇ ಮಾತು.

ಇನ್ನು ಏನು ನೋಡಬೇಕು? ಬಣ್ಣ, ಹೆಡ್‌ಲೈಟ್ ಎಲ್ಲ ಮೊಬೈಲ್‌ನಲ್ಲೇ ಕಾಣುತ್ತದೆ. ಶೋರೂಮ್‌ನಲ್ಲಿ ಮಂಡಿಯೂರಿ ಕೂತು ಎಂಜಿನ್ ನೋಡಿ.

ಇದಕ್ಕೆ ದೊಡ್ಡ ಬ್ರ್ಯಾಂಡೇ ಬೇಕಾಗಿಲ್ಲ. ನಿಮ್ಮ ಏರಿಯಾದ ಟಿವಿಎಸ್ ಶೋರೂಮ್‌ನಲ್ಲಿ ಅಪಾಚೆ ಆರ್‌ಆರ್ 310 ಇದ್ದರೆ ಅಲ್ಲಿಂದಲೇ ಶುರು ಮಾಡಿ. ಸಾಮಾನ್ಯವಾಗಿ ಬೈಕಿನ ಸೈಲೆನ್ಸರ್ ಪೈಪ್ ಎಂಜಿನ್ನಿನ ಮುಂದುಗಡೆಯಿಂದ ಹೊರಟು ಕೆಳಗಿಳಿಯುತ್ತದೆ. ಇದರಲ್ಲಿ ಸಿಲಿಂಡರ್ ಹೆಡ್ ಹಿಂದುಮುಂದು. ಗಾಳಿ, ಪೆಟ್ರೋಲ್ ಒಳಗೆ ಹೋಗುವುದು ಮುಂದಿನಿಂದ, ಹೊಗೆ ಬರುವುದು ಹಿಂದಿನಿಂದ. ಸಿಲಿಂಡರ್ ಕೂಡ ಹಿಂದಕ್ಕೆ ವಾಲಿದೆ. ಇದರಿಂದ ಎಂಜಿನ್ ಇನ್ನಷ್ಟು ಮುಂದೆ ಕೂರುತ್ತದೆ, ಬೈಕನ್ನು ಉದ್ದ ಮಾಡದೆ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್ ಉದ್ದ ಮಾಡಬಹುದು. ಬಿಎಂಡಬ್ಲ್ಯು ಶೋರೂಮ್‌ನ ಜಿ 310 ಆರ್‌ಆರ್ ಒಳಗೆ ಇರುವುದೂ ಇದೇ ಎಂಜಿನ್. ಎರಡೂ ತಯಾರಾಗುವುದು ಇಲ್ಲೇ ಪಕ್ಕದ ಹೊಸೂರಿನಲ್ಲಿ. ಒಂದೇ ದಿನ ಎರಡೂ ಶೋರೂಮ್ ನೋಡಿ. ಒಂದೇ ಎಂಜಿನ್, ಒಂದು ಕಡೆ ಪ್ಲಾಸ್ಟಿಕ್ ಕುರ್ಚಿ, ಇನ್ನೊಂದು ಕಡೆ ಕಾಫಿ ಮೆಷಿನ್.

ಟ್ರಯಂಫ್‌ನಲ್ಲಿ ಬಾನೆವಿಲ್ ಇದ್ದರೆ ಸೀಟಿನ ಕೆಳಗೆ, ಎಂಜಿನ್ ಪಕ್ಕ ನೋಡಿ. ಗಾಳಿ, ಪೆಟ್ರೋಲ್ ಬೆರೆಸುವ ಹಳೇ ಕಾಲದ ಕಾರ್ಬ್ಯುರೇಟರ್ ಕಾಣುತ್ತದೆ. ನಿಜಕ್ಕೂ ಅದು ಫ್ಯೂಯಲ್ ಇಂಜೆಕ್ಷನ್ನಿನ ಥ್ರಾಟಲ್ ಬಾಡಿ, ಕಾರ್ಬ್ಯುರೇಟರ್ ವೇಷ ಹಾಕಿಸಿದ್ದಾರೆ. ಜಾವಾದಲ್ಲೂ ಇಂಥದ್ದೇ ಒಂದು ಆಟ ಇದೆ. 2018ರಲ್ಲಿ ಮರಳಿ ಬಂದ ಜಾವಾದ ಎಂಜಿನ್ ಲಿಕ್ವಿಡ್ ಕೂಲ್ಡ್, ಆದರೂ ಗಾಳಿಯಲ್ಲಿ ತಣ್ಣಗಾಗುವ ಎಂಜಿನ್ನಿನ ಹಾಗೆ ಮೈತುಂಬ ಫಿನ್ (ತೆಳು ಲೋಹದ ಪಟ್ಟಿ) ಇಟ್ಟಿದ್ದಾರೆ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಮೈಸೂರಿನಲ್ಲಿ ತಯಾರಾದ ಹಳೇ ಜಾವಾ, ಯೆಜ್ಡಿ ನೋಡಿದವರಿಗೆ ಇದು ಯಾರನ್ನು ಖುಷಿಪಡಿಸಲು ಮಾಡಿದ್ದು ಅಂತ ತಕ್ಷಣ ಗೊತ್ತಾಗುತ್ತದೆ. ನನಗಂತೂ ಬಾನೆವಿಲ್ ವೇಷ ಒಪ್ಪಿಗೆ, ಜಾವಾದ ಫಿನ್ ಸ್ವಲ್ಪ ಜಾಸ್ತಿಯಾಯಿತು ಅನಿಸುತ್ತದೆ. ಅಂದ ಹಾಗೆ, ಹಳೇ ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಆ ಲಿವರ್‌ನಿಂದಲೇ ಒದ್ದು ಸ್ಟಾರ್ಟ್ ಮಾಡಿ, ಅದರಿಂದಲೇ ಗೇರ್ ಹಾಕುತ್ತಾರೆ. ಅದನ್ನು ನೋಡಬೇಕಿದ್ದರೆ ಶೋರೂಮ್ ಬೇಡ, ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಆಚರಿಸುತ್ತಾರೆ, ಆವತ್ತು ಹೋಗಿ.

ಟ್ರಯಂಫ್‌ನಲ್ಲೇ ರಾಕೆಟ್ 3 ನಿಲ್ಲಿಸಿದ್ದರೆ ನಿಮ್ಮ ಅದೃಷ್ಟ. ಮೂರು ಸಿಲಿಂಡರ್, 2458 ಸಿಸಿ. ಆಲ್ಟೊ 800ರ ಎಂಜಿನ್ 796 ಸಿಸಿ. ಅಂಥ ಮೂರು ಕೂಡಿಸಿದರೂ ರಾಕೆಟ್‌ನಷ್ಟು ಆಗುವುದಿಲ್ಲ! ಪಕ್ಕದಲ್ಲಿ ನಿಂತಾಗ ಎಂಜಿನ್ ನಿಮ್ಮ ಮಂಡಿಗಿಂತ ಅಗಲ ಕಾಣುತ್ತದೆ.

ಬಿಎಂಡಬ್ಲ್ಯುನ ದೊಡ್ಡ ಜಿಎಸ್‌ನಲ್ಲಿ ಎಂಜಿನ್ ಅಡ್ಡಲಾಗಿ ಮಲಗಿರುತ್ತದೆ, ಎರಡು ಸಿಲಿಂಡರ್ ಎರಡು ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ಹಿಂದಿನ ಚಕ್ರಕ್ಕೆ ಚೈನ್ ಇಲ್ಲ, ಶಾಫ್ಟ್. ಯಾರಾದರೂ ಸ್ಟಾರ್ಟ್ ಮಾಡುತ್ತಿದ್ದರೆ ಹತ್ತಿರ ಹೋಗಿ ನೋಡಿ. ನಿಂತಲ್ಲೇ ಆಕ್ಸಿಲರೇಟರ್ ಕೊಟ್ಟರೆ ಇಡೀ ಬೈಕ್ ಒಂದು ಪಕ್ಕಕ್ಕೆ ಸಣ್ಣಗೆ ತೂಗುತ್ತದೆ. ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡ, ಅಂದರೆ ಕ್ರ್ಯಾಂಕ್, ಬೈಕಿನ ಉದ್ದಕ್ಕೆ ಕೂತಿರುವುದೇ ಅದಕ್ಕೆ ಕಾರಣ.

ದುಕಾಟಿಯಲ್ಲಿ ಸೇಲ್ಸ್‌ನವರ ಹತ್ತಿರ ಡೆಸ್ಮೊ ಬಗ್ಗೆ ಕೇಳಿ. ಬೇರೆ ಎಂಜಿನ್‌ಗಳಲ್ಲಿ ವಾಲ್ವ್ (ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಬಾಗಿಲು) ತೆರೆಯುವುದು ಕ್ಯಾಮ್ ಅನ್ನುವ ತಿರುಗುವ ಉಬ್ಬು, ಮುಚ್ಚುವುದು ಸ್ಪ್ರಿಂಗ್. ದುಕಾಟಿಯ ಡೆಸ್ಮೊದಲ್ಲಿ ತೆರೆಯುವುದಕ್ಕೂ ಕ್ಯಾಮ್, ಮುಚ್ಚುವುದಕ್ಕೂ ಕ್ಯಾಮ್. ಇಷ್ಟು ವರ್ಷ ಅದನ್ನೇ ಹೆಮ್ಮೆಯಿಂದ ಹೇಳುತ್ತಿದ್ದವರು ಮಲ್ಟಿಸ್ಟ್ರಾಡಾ ವಿ4ಗೆ ಬಂದಾಗ ಸ್ಪ್ರಿಂಗ್‌ಗೆ ಮರಳಿದರು. ವಾಲ್ವ್ ಚೆಕ್ 60,000 ಕಿಲೋಮೀಟರಿಗೆ ಒಮ್ಮೆ ಸಾಕು ಅನ್ನುವುದು ಅದರ ಲಾಭ. "ಯಾಕೆ ಬಿಟ್ಟರು ಸರ್?" ಅಂತ ಒಂದು ಪ್ರಶ್ನೆ ಹಾಕಿ. ಉತ್ತರ ಕೊಡುವವರು ಸಿಕ್ಕರೆ ಅರ್ಧ ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ.

ರಾಯಲ್ ಎನ್‌ಫೀಲ್ಡ್ ಶೋರೂಮ್ ಎಲ್ಲ ಕಡೆ ಇದೆ, ಹಾಗಾಗಿ ಯಾರೂ ಸರಿಯಾಗಿ ನೋಡುವುದಿಲ್ಲ. ಕೆಲವು ಬುಲೆಟ್‌ಗಳ ಟ್ಯಾಂಕಿನ ಮೇಲಿನ ಗೆರೆಗಳನ್ನು ಚೆನ್ನೈ ಫ್ಯಾಕ್ಟರಿಯಲ್ಲಿ ಕೈಯಲ್ಲೇ ಎಳೆಯುತ್ತಾರೆ. ಎರಡು ಬುಲೆಟ್ ಪಕ್ಕಪಕ್ಕ ಇದ್ದರೆ ಬ್ರಷ್ ಎಲ್ಲಿ ಶುರುವಾಗಿ ಎಲ್ಲಿ ಮುಗಿದಿದೆ ಅಂತ ಹೋಲಿಸಿ ನೋಡಿ. ಇನ್ನು ಇಂಟರ್‌ಸೆಪ್ಟರ್ 650 ಸ್ಟಾರ್ಟ್ ಮಾಡಿದರೆ ಕಣ್ಣು ಮುಚ್ಚಿ ಕೇಳಿ. ಎರಡು ಸಿಲಿಂಡರ್ ಪಕ್ಕಪಕ್ಕ ಇದ್ದರೂ ಎರಡೂ ಸಮ ಅಂತರದಲ್ಲಿ ಉರಿಯದ ಹಾಗೆ ಕ್ರ್ಯಾಂಕ್ 270 ಡಿಗ್ರಿ ಇಟ್ಟಿರುವುದರಿಂದ ಸದ್ದು ವಿ-ಟ್ವಿನ್ (ವಿ ಆಕಾರದಲ್ಲಿ ಎರಡು ಸಿಲಿಂಡರ್ ಇರುವ ಎಂಜಿನ್) ಥರ ಎಡವಿ ಎಡವಿ ಬರುತ್ತದೆ. ನಮ್ಮೂರಿನದೇ ಬೈಕ್ ಬೇಕಾದರೆ ಅಲ್ಟ್ರಾವಯಲೆಟ್ ಎಫ್77 ಇದೆ. ಎಂಜಿನ್ ಇರಬೇಕಾದ ಜಾಗದಲ್ಲಿ ದೊಡ್ಡ ಬ್ಯಾಟರಿ. ಚೆನ್ನಾಗಿದೆ, ಆದರೆ ಮಂಡಿಯೂರಿ ನೋಡುವಂಥದ್ದು ಕಡಿಮೆ.

ಕೂರುವ ವಿಷಯ. ಕೇಳದೆ ಯಾವ ಬೈಕ್ ಮೇಲೂ ಕೂರಬೇಡಿ. ಕೇಳಿದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. "ಸೋಲ್ಡ್" ಅಂತ ಚೀಟಿ ಅಂಟಿಸಿದ್ದನ್ನು ಮುಟ್ಟಲೇಬೇಡಿ, ಅದು ಇನ್ನೊಬ್ಬರ ಗಾಡಿ. ಬೆಲ್ಟ್ ಬಕಲ್, ಜಾಕೆಟ್ ಜಿಪ್, ಬ್ಯಾಗು, ಉಂಗುರ, ಇವೆಲ್ಲ ಟ್ಯಾಂಕಿಗೆ ಗೀರು ಹಾಕುತ್ತವೆ. ನಾನು ಬ್ಯಾಗನ್ನು ಮೊದಲೇ ಕೌಂಟರಿನಲ್ಲಿ ಇಡುತ್ತೇನೆ. ಅದನ್ನು ನೋಡಿದ ಮೇಲೆ ಅವರೇ "ಕೂತು ನೋಡಿ ಸರ್" ಅನ್ನುತ್ತಾರೆ. ಇನ್ನೂರು ಕಿಲೋ ದಾಟಿದ ಬೈಕನ್ನು ಸೈಡ್ ಸ್ಟ್ಯಾಂಡ್‌ನಿಂದ ಎತ್ತುವಾಗ ಪಕ್ಕದಲ್ಲಿ ಒಬ್ಬರು ಇರಲಿ.

ಸೀಟ್ ಎತ್ತರದ ನಂಬರ್ ನಂಬಿ ಹೆದರಬೇಡಿ. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರ ಸೀಟ್ 765 ಮಿಲಿಮೀಟರ್, ಹಿಮಾಲಯನ್ 450ರದು 825. ಕಾಗದದ ಮೇಲೆ ನೋಡಿದರೆ ಎರಡನೆಯದು ನಮ್ಮಂಥ ಐದೂವರೆ ಅಡಿಯವರಿಗೆ ಅಲ್ಲವೇ ಅಲ್ಲ ಅನಿಸುತ್ತದೆ. ಕೂತು ನೋಡಿದರೆ ಮುಂದೆ ಸೀಟ್ ಸಣ್ಣ ಆಗಿದೆ, ಸಸ್ಪೆನ್ಷನ್ ನಮ್ಮ ತೂಕಕ್ಕೆ ಸ್ವಲ್ಪ ಇಳಿಯುತ್ತದೆ, ಕಾಲಿನ ಮುಂಭಾಗ ಆರಾಮವಾಗಿ ನೆಲಕ್ಕೆ ಸಿಗುತ್ತದೆ. ಇದು ಎಷ್ಟು ವಿಡಿಯೋ ನೋಡಿದರೂ ಗೊತ್ತಾಗುವುದಿಲ್ಲ.

ಟೆಸ್ಟ್ ರೈಡ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಕೊಳ್ಳುವ ಯೋಚನೆ ಇಲ್ಲದಿದ್ದರೆ ದೊಡ್ಡ ಬೈಕಿನ ಟೆಸ್ಟ್ ರೈಡ್ ಕೇಳಬೇಡಿ. ಅವರಾಗಿ ಕೊಟ್ಟರೆ, ಡಿಎಲ್ ಜೇಬಿನಲ್ಲಿದ್ದರೆ, ಬಿಡಬೇಡಿ.

ಬೆಲೆ ಕೇಳಿ, ಅದರಲ್ಲೂ ಆನ್ ರೋಡ್ ಬೆಲೆ. ಅದು ಕೇಳಿದರೆ ಕೊಳ್ಳುವ ಆಸೆ ತಾನಾಗಿ ಇಳಿಯುತ್ತದೆ. ಒಂದು ಲಕ್ಷ ದಾಟಿದ ಪೆಟ್ರೋಲ್ ಬೈಕಿಗೆ ನಮ್ಮಲ್ಲಿ ಲೈಫ್ ಟ್ಯಾಕ್ಸೇ 18 ಪರ್ಸೆಂಟ್, ಅದರ ಮೇಲೆ ಸೆಸ್ಸು, ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 350 ಸಿಸಿವರೆಗೆ 18 ಪರ್ಸೆಂಟಿಗೆ ಇಳಿಯಿತು, ಅದಕ್ಕಿಂತ ಮೇಲಿನದಕ್ಕೆ 40 ಆಯಿತು. ಒಂದೇ ಫ್ಲೋರಿನಲ್ಲಿ ನಿಂತಿರುವ ಕ್ಲಾಸಿಕ್ 350 ಮತ್ತು 650ರ ಮಧ್ಯೆ ಬೆಲೆಯ ಅಂತರ ಯಾಕೆ ಹಾಗೆ ಹಿಗ್ಗಿದೆ ಅಂತ ಇದರಿಂದ ಅರ್ಥವಾಗುತ್ತದೆ.

ಹೊರಡುವಾಗ ಮೊಬೈಲ್ ನಂಬರ್ ಕೇಳುತ್ತಾರೆ. ಎಷ್ಟು ಜನ ಬಂದರು ಅಂತ ಅವರೂ ಮೇಲಿನವರಿಗೆ ಲೆಕ್ಕ ತೋರಿಸಬೇಕು. ನಾನು ಕೊಡುತ್ತೇನೆ. ಆಮೇಲೆ ಫೋನ್ ಬರುತ್ತದೆ, "ಈ ವರ್ಷ ಇಲ್ಲ" ಅಂದರೆ ಮುಗಿಯಿತು. ಅರ್ಧ ಗಂಟೆ ನನ್ನ ಜೊತೆ ನಿಂತವರಿಗೆ ಅಷ್ಟಾದರೂ ಮಾಡಬೇಕಲ್ವಾ.

ಎಲ್ಲಿ ಹೋಗಬೇಕು ಅಂತಲೂ ಕೇಳಿದ್ದೀರಿ. ದಿನಬಳಕೆಯ ಬ್ರ್ಯಾಂಡ್‌ಗಳಿಗೆ ರಾಜಾಜಿನಗರ, ಜಯನಗರ, ಮೈಸೂರು ರಸ್ತೆ, ಎಲ್ಲಿಯಾದರೂ ಸರಿ. ದುಬಾರಿ ಬೈಕ್‌ಗಳ ಶೋರೂಮ್ ಜಾಗ ಬದಲಾಯಿಸುತ್ತಲೇ ಇರುತ್ತವೆ, ಹೊರಡುವ ಮುಂಚೆ ಮ್ಯಾಪ್ ನೋಡಿ ಫೋನ್ ಮಾಡಿ. ಒಂದು ದಿನಕ್ಕೆ ಎರಡು ಶೋರೂಮ್ ಸಾಕು. ಜಾಸ್ತಿ ಆದರೆ ಎಲ್ಲ ಒಂದೇ ಥರ ಕಾಣುತ್ತದೆ, ಟ್ರಾಫಿಕ್‌ನಲ್ಲಿ ಜೀವ ಹೋಗುವುದು ಬೇರೆ. ಟೈಮ್ ಉಳಿದರೆ ಜೆಸಿ ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಕಡೆ ಒಂದು ಸುತ್ತು ಹಾಕಿ.

ಶೋರೂಮ್‌ಗೆ ಅಂಟಿಕೊಂಡಿರುವ ಸರ್ವಿಸ್ ಸೆಂಟರ್ ಮಾತ್ರ ತಪ್ಪಿಸಬೇಡಿ. ಗಾಜಿನ ಆಚೆ ನಿಂತು ನೋಡಲು ಸಾಮಾನ್ಯವಾಗಿ ಬಿಡುತ್ತಾರೆ. ಮುಂದುಗಡೆ ಹೊಳೆಯುತ್ತಿದ್ದ ಅದೇ ಮಾಡೆಲ್ ಇಲ್ಲಿ ಮೂರು ವರ್ಷ ಓಡಿ, ಫೇರಿಂಗ್ (ಹೊರಗಿನ ಪ್ಲಾಸ್ಟಿಕ್ ಕವಚ) ಬಿಚ್ಚಿಸಿಕೊಂಡು ನಿಂತಿರುತ್ತದೆ. ಯಾವ ಬೋಲ್ಟ್ ತುಕ್ಕು ಹಿಡಿದಿದೆ, ಯಾವ ಬಣ್ಣ ಮಾಸಿದೆ, ವೈರಿಂಗ್ ಎಷ್ಟು ಅಚ್ಚುಕಟ್ಟು, ಎಲ್ಲ ಅಲ್ಲಿ ಕಾಣುತ್ತದೆ. ಶನಿವಾರ ಬೆಳಿಗ್ಗೆಯಾದರೆ ಬೈಕ್ ಬಿಡಲು ಬಂದ ಓನರ್‌ಗಳೂ ಸಿಗುತ್ತಾರೆ. ಕಳೆದ ಸರ್ವಿಸ್ ಬಿಲ್ ಎಷ್ಟಾಯಿತು ಅಂತ ಒಬ್ಬರನ್ನು ಕೇಳಿ ನೋಡಿ, ನಿಮ್ಮ ಬಸ್ಸು ತಪ್ಪುವವರೆಗೂ ಹೇಳುತ್ತಾರೆ.