ನಿಮ್ಮ ಅತ್ತೆಯ ಸಹಿ

ಶಿರಸಿಯ ಗೆಳೆಯರೇ,

ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ‘ಹೆಣ್ಣಿಗೆ ನ್ಯಾಯ ಕೊಡದ ಧರ್ಮ’ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಮುಸ್ಲಿಂ ವೈಯಕ್ತಿಕ ಕಾನೂನನ್ನು ಟೀಕಿಸಿದ್ದೀರಿ, ಅದಕ್ಕೆ ನನ್ನ ಅಡ್ಡಿ ಇಲ್ಲ. ಇನ್ನೂ ಗಟ್ಟಿಯಾಗಿ ಟೀಕಿಸಬಹುದಿತ್ತು. ಆದರೆ ಹೆಂಗಸರ ಬಗ್ಗೆ ಇಷ್ಟುದ್ದ ಬರೆದೂ ಒಬ್ಬ ಹೆಂಗಸಿನ ಬದುಕೂ ಅದರಲ್ಲಿಲ್ಲ.

ಶಾ ಬಾನು ಹೆಸರು ಪುಟಪುಟಕ್ಕೂ ಬರುತ್ತದೆ. ಆಕೆ ಯಾರು ಅಂತ ಎಲ್ಲೂ ಹೇಳಿಲ್ಲ. ಇಂದೋರಿನವರು. 1932ರಲ್ಲಿ ಮದುವೆ, ಐದು ಮಕ್ಕಳು. 1975ರಲ್ಲಿ ವಕೀಲ ಗಂಡ ಮನೆಯಿಂದ ಹೊರಗೆ ಹಾಕಿದ. ಮೂರು ವರ್ಷದ ನಂತರ ತಲಾಖ್ ಕೊಟ್ಟ. ಕೆಳಗಿನ ಕೋರ್ಟು ತಿಂಗಳಿಗೆ 25 ರೂಪಾಯಿ ಜೀವನಾಂಶ ಅಂದಿತು. ಹೈಕೋರ್ಟು 179 ರೂಪಾಯಿ 20 ಪೈಸೆಗೆ ಏರಿಸಿತು. ಇಷ್ಟನ್ನೂ ಕೊಡಲಾರೆ ಅಂತ ಆತ ಸುಪ್ರೀಂ ಕೋರ್ಟಿಗೆ ಹೋಗಿ 1985ರಲ್ಲಿ ಸೋತ. ಮರುವರ್ಷವೇ ಸಂಸತ್ತು ಧರ್ಮದ ಮುಖಂಡರ ಒತ್ತಡಕ್ಕೆ ಮಣಿದು, ಆ ತೀರ್ಪನ್ನು ಮೊಟಕುಗೊಳಿಸಲು ಬೇರೆ ಕಾಯ್ದೆ ತಂದಿತು. ನಿಮ್ಮ ನಾಲ್ಕು ಪುಟದ ಸಿಟ್ಟಿಗಿಂತ ಆ 20 ಪೈಸೆ ಜಾಸ್ತಿ ಹೇಳುತ್ತದೆ.

‘ಆ ಹೆಂಗಸರು ಬಾಯಿ ಬಿಡುವುದೇ ಇಲ್ಲ’ ಎನ್ನುತ್ತೀರಿ. 2017ರ ಆಗಸ್ಟ್ 22ರಂದು ಒಂದೇ ಉಸಿರಿನ ತ್ರಿವಳಿ ತಲಾಖ್ ರದ್ದಾಯಿತಲ್ಲ, ಕೋರ್ಟಿಗೆ ಹೋದವರು ಯಾರು? ಕಾಶಿಪುರದ ಶಾಯರಾ ಬಾನು, ಮತ್ತೆ ಇನ್ನಷ್ಟು ಮುಸ್ಲಿಂ ಹೆಂಗಸರು. ನಿಮ್ಮ ಚಪ್ಪಾಳೆ ಪೂರಾ ನಾಯಕರ ಪಾಲಾಗಿದೆ.

ಎರಡನೇ ಪುಟದಲ್ಲಿ ಎದುರು ಪಕ್ಷದವರು ‘ಬಳೆ ತೊಟ್ಟುಕೊಂಡು ಕೂತಿದ್ದಾರೆ’ ಅಂತ ಬೈದಿದ್ದೀರಿ. ಹೆಣ್ಣೆಂದರೆ ಹೇಡಿಯೇ? ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತ ಅಂಕೋಲಾದ ಸುಕ್ರಿ ಬೊಮ್ಮಗೌಡರನ್ನು ನೆನಪಿಸಿಕೊಳ್ಳಿ. ಅಲ್ಲೇ ಕೆಳಗೆ ಒಬ್ಬ ರಾಜಕಾರಣಿಯ ಮುರಿದ ಮದುವೆಯನ್ನು ಎಳೆದು ತಂದಿದ್ದೀರಿ. ಆಕೆಯ ನಿಲುವಿಗೂ ಅದಕ್ಕೂ ಏನು ಸಂಬಂಧ? ಎರಡನ್ನೂ ಹೊಡೆದು ಹಾಕಿದ್ದೇನೆ. ಇದರಲ್ಲಿ ಚರ್ಚೆ ಬೇಡ.

ಈಗ ಕೊನೆಯ ಪುಟಕ್ಕೆ ಬರೋಣ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ‘ನಮ್ಮಲ್ಲಿ ಹೆಣ್ಣುಮಕ್ಕಳು ತವರಿನ ಆಸ್ತಿ ಕೇಳುವುದಿಲ್ಲ, ಅದು ಸಂಸ್ಕಾರ. 2006ರಲ್ಲಿ ನನ್ನ ಸೋದರತ್ತೆ ನಗುನಗುತ್ತಾ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು’ ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಅವರ ಮದುವೆ 1990ರಲ್ಲಿ ಆಯಿತು ಅಂತಲೂ ನೀವೇ ಹೇಳುತ್ತೀರಿ. ಸ್ವಲ್ಪ ಇಸವಿ ನೋಡಿ. 1994ರಲ್ಲಿ ಕರ್ನಾಟಕ ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಕೇಂದ್ರ ತಂದ ತಿದ್ದುಪಡಿ ಆ ಭೇದ ತೆಗೆಯಿತು. ಅದರ ಬೆನ್ನಿಗೇ ನಿಮ್ಮ ಮನೆಯಲ್ಲಿ ಈ ಸಹಿ. ತೋಟದಲ್ಲಿ ಅತ್ತೆಗೂ ಸಮಪಾಲು ಬಂದಿದೆ ಅಂತ ಯಾರಿಗೋ ಗೊತ್ತಾಗಿತ್ತು, ಅಲ್ವಾ? ಅತ್ತೆಗೆ ಗೊತ್ತಿತ್ತೇ?

ಅವರ ತಪ್ಪು ಇಷ್ಟು, ನಮ್ಮದು ಇಷ್ಟು ಅಂತ ಲೆಕ್ಕ ಸರಿಮಾಡಿ ಅಂತ ಹೇಳುತ್ತಿಲ್ಲ. ಅಂಥ ಬರಹ ನನ್ನ ಮೇಜಿನ ಮೇಲೆ ರಾಶಿ ಬಿದ್ದಿದೆ. ಅದರಲ್ಲಿ ಜಗಳವಾಡುವವರೂ ಗಂಡಸರು, ತೀರ್ಪು ಕೊಡುವವರೂ ಗಂಡಸರು. ನೀವು ಆ ಒಂದು ಸಹಿಯ ಬಗ್ಗೆ ಬರೆಯಿರಿ. ಪತ್ರ ಬರೆಸಿದ್ದು ಯಾರು, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಯಾರ ಜೊತೆ ಹೋದರು, ಓದಿ ಹೇಳಿದರಾ, ಕೈಗೆ ಏನಾದರೂ ಕೊಟ್ಟರಾ, ಸಹಿ ಹಾಕದಿದ್ದರೆ ಚೌತಿಗೆ ತವರಿಗೆ ಕರೆಯುತ್ತಿದ್ದರಾ. ಅತ್ತೆಯನ್ನೇ ಕೇಳಿ. ನಿಮ್ಮ ಅಪ್ಪ ಪಕ್ಕದಲ್ಲಿ ಇಲ್ಲದಾಗ ಕೇಳಿ. ಅವರು ನಿಜಕ್ಕೂ ಖುಷಿಯಿಂದಲೇ ಬಿಟ್ಟುಕೊಟ್ಟೆ ಎಂದರೆ ಹಾಗೇ ಬರೆಯಿರಿ, ನಾನು ತಿದ್ದುವುದಿಲ್ಲ.

ಹೇಳಲು ಇಷ್ಟವಿಲ್ಲ ಎಂದರೆ ಬಿಟ್ಟುಬಿಡಿ. ಹೇಳಿದರೆ ಹೆಸರು, ಊರು ಎರಡನ್ನೂ ಬದಲಿಸಿ. ಯಾರ ತೋಟ ಅಂತ ಶಿರಸಿ ಪೇಟೆಯಲ್ಲಿ ಒಂದೇ ದಿನಕ್ಕೆ ಪತ್ತೆ ಮಾಡುತ್ತಾರೆ. ಎಂಟುನೂರು ಪದ ಸಾಕು. ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿ ಮುಗಿಸಿಕೊಂಡೇ ಕಳಿಸಿ.