ಮಾಯಾಖಡ್ಗ ಬಂದ ಮೇಲೆ ಆಟ ಸಪ್ಪೆಯಾಗಿದೆ

ಪ್ರಶ್ನೆ: ನಾಲ್ವರು ಗೆಳೆಯರಿಗೆ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ, ಪಾತ್ರ ವಹಿಸಿ ದಾಳ ಉರುಳಿಸುತ್ತ ಕಥೆ ನಡೆಸುವ ಆಟವನ್ನು 2014ರ ಐದನೆಯ ಆವೃತ್ತಿಯ ನಿಯಮಗಳಂತೆ ಆಡಿಸುತ್ತಿದ್ದೇನೆ. ಮೊದಲ ಲೆವೆಲ್‌ನಲ್ಲೇ ಒಬ್ಬನಿಗೆ ‘ಪ್ಲಸ್ ತ್ರೀ’ ಖಡ್ಗ, ಅಂದರೆ ಹೊಡೆಯುವಾಗ ದಾಳಕ್ಕೆ ಮೂರು ಅಂಕ ಕೂಡಿಸುವ ಮಾಯಾಖಡ್ಗ, ಕೊಟ್ಟುಬಿಟ್ಟೆ. ಈಗ ಉಳಿದ ಮೂವರು ಸುಮ್ಮನೆ ಕುಳಿತಿರುತ್ತಾರೆ. ಅವರಿಗೆ ಸಾಧಾರಣ ಮಾಯಾವಸ್ತುಗಳನ್ನು ಕೊಟ್ಟರೆ ಆಟ ಸರಿಹೋದೀತೇ? ಖಡ್ಗವನ್ನು ಏನು ಮಾಡಲಿ?
— ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಸರಿಹೋಗುತ್ತದೆ. ಮೊದಲು ಖಡ್ಗದ ಲೆಕ್ಕ ನೋಡೋಣ. ಪಾತ್ರ ತನಗೆ ಪಳಗಿದ ಕೆಲಸದಲ್ಲಿ ದಾಳಕ್ಕೆ ಕೂಡಿಸಿಕೊಳ್ಳುವ ಪ್ರಾವೀಣ್ಯದ ಅಂಕ ಮೊದಲ ಲೆವೆಲ್‌ನಲ್ಲಿ 2 ಇದ್ದು, 13ನೆಯ ಲೆವೆಲ್ ಮುಟ್ಟಿದಾಗ 5 ಆಗುತ್ತದೆ. ಹನ್ನೆರಡು ಲೆವೆಲ್ ಏರಿ ಗಳಿಸಬೇಕಾದ ಮೂರು ಅಂಕಗಳನ್ನು ನೀವು ಒಂದೇ ಸಂಜೆ ಒಬ್ಬನ ಕೈಗಿತ್ತಿದ್ದೀರಿ. ಅಷ್ಟಾಗಿಯೂ ಆ ಆಟಗಾರನಿಗೆ ಯೋಚಿಸಲು ಹೊಸದೇನೂ ಸಿಕ್ಕಿಲ್ಲ. ದಾಳ ಉರುಳಿಸಿ ಮೂರು ಕೂಡಿಸಿಕೊಂಡರೆ ಅವನ ಸರದಿ ಮುಗಿಯಿತು.

ಸಾಧಾರಣ ವಸ್ತು ಹಾಗಲ್ಲ. ‘ಇಮ್ಮೂವಬಲ್ ರಾಡ್’ ಎಂಬ ಕಬ್ಬಿಣದ ಸಲಾಕೆಯನ್ನೇ ತೆಗೆದುಕೊಳ್ಳಿ. ತುದಿಯ ಗುಂಡಿ ಒತ್ತಿದರೆ ಅದು ಇದ್ದಲ್ಲಿಯೇ, ಗಾಳಿಯಲ್ಲಿಯಾದರೂ ಸರಿ, ನಿಂತುಬಿಡುತ್ತದೆ. 8,000 ಪೌಂಡ್, ಅಂದರೆ ಸುಮಾರು 3,600 ಕಿಲೋ ಭಾರ ತಡೆಯುತ್ತದೆ. ನಾನು ಆಡಿಸುವ ತಂಡದಲ್ಲಿ ಕಳ್ಳಿಯ ಪಾತ್ರ ವಹಿಸಿದ್ದವಳು, ಓಗರ್ ರಾಕ್ಷಸನೊಬ್ಬ ಬೆನ್ನಟ್ಟಿ ಬಂದಾಗ, ಒಳಕ್ಕೆ ತೆರೆದುಕೊಳ್ಳುವ ಕಬ್ಬಿಣದ ಬಾಗಿಲಿನ ಹಿಂದೆ ಸಲಾಕೆಯನ್ನು ಅಡ್ಡ ಹಿಡಿದು ಗುಂಡಿ ಒತ್ತಿದಳು. ಅದನ್ನು ಅಲುಗಿಸಲು ಇಪ್ಪತ್ತು ಮುಖದ ದಾಳದ ಅಂಕಕ್ಕೆ ಶಕ್ತಿಯ ಅಂಕ ಕೂಡಿಸಿ 30 ಬರಬೇಕು. ಓಗರ್‌ನ ಶಕ್ತಿಗೆ ಸಿಗುವುದು 4 ಅಂಕ, ದಾಳ 20 ತೋರಿಸಿದರೂ ಒಟ್ಟು 24. ಬಾಗಿಲು ಕದಲಲಿಲ್ಲ. ಆದರೆ ಸಲಾಕೆ ಮರಳಿ ಬೇಕೆಂದರೆ ಗುಂಡಿಯನ್ನು ಮತ್ತೆ ಒತ್ತಬೇಕು, ಒತ್ತಿದರೆ ಬಾಗಿಲು ತೆರೆದುಕೊಳ್ಳುತ್ತದೆ. ಅದನ್ನು ಬಿಟ್ಟು ಓಡುವುದೋ ಬೇಡವೋ ಎಂದು ಐವರೂ ಅರ್ಧ ಗಂಟೆ ವಾದಿಸಿದರು. ನಾನು ಒಂದು ಮಾತನ್ನೂ ಆಡಬೇಕಾಗಲಿಲ್ಲ.

ಇಲ್ಲಿ ಆಟ ಹುಟ್ಟಿದ್ದು ವಸ್ತುವಿನ ಮಿತಿಯಿಂದ. ಅಕ್ಷಯಪಾತ್ರೆ ನಮಗೆ ನೆನಪಿರುವುದೂ ದ್ರೌಪದಿ ಉಂಡ ಮೇಲೆ ಅದು ಅಂದಿಗೆ ಬರಿದಾಗುತ್ತಿದ್ದುದರಿಂದಲೇ. ಆ ಕಟ್ಟಳೆ ಇಲ್ಲದಿದ್ದರೆ ದೂರ್ವಾಸರು ಬಂದು ಹೋದದ್ದು ಕಥೆಯಾಗುತ್ತಲೇ ಇರಲಿಲ್ಲ. ‘ಬ್ಯಾಗ್ ಆಫ್ ಹೋಲ್ಡಿಂಗ್’ ಚೀಲ 500 ಪೌಂಡ್ ಸಾಮಾನು ನುಂಗುತ್ತದೆ, ಆದರೆ ಅದರೊಳಗೆ ಅಡಗಿದವನಿಗೆ ಹತ್ತೇ ನಿಮಿಷದ ಉಸಿರು. ಆದ್ದರಿಂದ ವಸ್ತುವನ್ನು ಕೊಡುವಾಗ ಅದರ ಮಿತಿಯನ್ನೂ ಆಟಗಾರರಿಗೆ ಸ್ಪಷ್ಟವಾಗಿ ಓದಿ ಹೇಳಿ.

ಆರಂಭಕ್ಕೆ ಇನ್ನೂ ಚಿಕ್ಕವೂ ಸಾಕು. ನೀರಿನಡಿಯಲ್ಲೂ ಆರದ ಮೋಂಬತ್ತಿ, ಕತ್ತಲೆಯಲ್ಲಿ ಒರೆಯಿಂದ ತೆಗೆದರೆ ಬೆಳದಿಂಗಳು ಚೆಲ್ಲುವ ಕತ್ತಿ ಮೊದಲಾದವು 2017ರ ಪೂರಕ ಪುಸ್ತಕದಲ್ಲಿವೆ. ಕಾಳಗದ ಲೆಕ್ಕವನ್ನು ಇವು ಕದಲಿಸುವುದಿಲ್ಲ. ಸುಮ್ಮನೆ ಕುಳಿತಿರುವ ಮೂವರಿಗೂ ಅವರವರ ಪಾತ್ರಕ್ಕೆ ಒಪ್ಪುವ ಒಂದೊಂದನ್ನು ಕೊಡಿ, ಮುಂದಿನ ಅಧ್ಯಾಯದಲ್ಲಿ ಕತ್ತಿಯಿಂದ ಬಗೆಹರಿಯದ ಒಂದು ತೊಡಕನ್ನು ಇಡಿ.

ಖಡ್ಗವನ್ನು ಕಥೆಯೊಳಗೆ ಕಳ್ಳರಿಂದ ಕದಿಸುವ ಉಪಾಯವನ್ನು ಮಾತ್ರ ಮಾಡಬೇಡಿ. ಶಿಕ್ಷೆಯಾಯಿತೆಂದು ಆ ಗೆಳೆಯ ನೊಂದುಕೊಳ್ಳುತ್ತಾನೆ. ಆಟ ಆರಂಭಿಸುವ ಮುನ್ನ ‘ನಾನು ಅವಸರಪಟ್ಟೆ’ ಎಂದು ನೇರವಾಗಿ ಹೇಳಿ, ಸದ್ಯಕ್ಕೆ ಅದನ್ನು ಪ್ಲಸ್ ಒನ್ ಎಂದು ಎಣಿಸೋಣ, ಉಳಿದ ಬಲ ಮುಂದೆ ಒಂದೊಂದಾಗಿ ಎಚ್ಚರಗೊಳ್ಳಲಿ ಎಂದು ಕೇಳಿಕೊಳ್ಳಿ. ನನ್ನ ಅನುಭವದಲ್ಲಿ ಇದಕ್ಕೆ ಯಾರೂ ಒಲ್ಲೆ ಎಂದಿಲ್ಲ.